ಖಾಲಿ ಮನೆ ತುಂಬುವುದು ಹೇಗೆ

ಬೈತಖೋಲದಲ್ಲಿ ನೆಟ್‌ವರ್ಕ್ ನಿಲ್ಲುವುದು
ಐಸ್ ಫ್ಯಾಕ್ಟರಿಯ ಮೆಟ್ಟಿಲ ಮೇಲೆ ಮಾತ್ರ.
ಹನ್ನೊಂದಕ್ಕೆ ಸಂದರ್ಶನ. ಹತ್ತೂವರೆಗೇ ಹೋಗಿ
ಕ್ರೇಟು ಬೋರಲು ಹಾಕಿ ಲ್ಯಾಪ್‌ಟಾಪು ಇಟ್ಟೆ,
ತಂಗಿಯದು, ಚಾರ್ಜು ನಲವತ್ತು.
ಬೆನ್ನ ಹಿಂದೆ ಬಿಳಿಗೋಡೆಯಷ್ಟೇ ಕಾಣಲೆಂದು
ದಾಮು ಹರಿಕಂತ್ರ ಒಣಹಾಕಿದ ಬಲೆಯನ್ನು
ಎರಡು ಮಾರು ಆಚೆ ಎಳೆದುಕೊಂಡ, ಗೊಣಗುತ್ತಲೇ.

ಪರದೆಯಲ್ಲಿ ಮೂವರು.
ಒಬ್ಬನ ಹಿಂದೆ ಸುಳ್ಳು ಪುಸ್ತಕಗಳ ಕಪಾಟು,
ಅವನು ಅಲುಗಿದಾಗಲೆಲ್ಲ ಒಂದು ಕಿವಿ ಮಾಯ.
'ಅನಲಿಸ್ಟ್ ಹುದ್ದೆಗೆ ಅರ್ಜಿ. ಅನುಭವ?'
ಒಂಬತ್ತು ವರ್ಷ, ಸರ್. ಸೊಸೈಟಿಯ ಹರಾಜಿನ ಲೆಕ್ಕ.
ಎಡಕ್ಕೆ ದೋಣಿಯ ಹೆಸರು, ಮೇಲೆ ತಾರೀಖು,
ನಡುವೆ ಬಂಗಡೆ, ತಾರ್ಲಿ, ಇಸ್ವಾಣ, ಕಿಲೋ, ದರ.
ಮೊದಲು ಉದ್ದನೆಯ ಖಾತೆಪುಸ್ತಕ, ಈಗ ಎಕ್ಸೆಲ್.
ಮಿಕ್ಕಿದ್ದು ರಾತ್ರಿ ಕೂತು ಕಲಿತದ್ದು.

'ಕೋಷ್ಟಕದಲ್ಲಿ ಒಂದು ಮನೆ ಖಾಲಿ ಇದ್ದರೆ
ಏನು ಮಾಡುತ್ತೀರಿ?' ನಡುವಿನ ಹೆಂಗಸು ಕೇಳಿದಳು.
ಉತ್ತರ ಬಾಯಿಪಾಠ ಇತ್ತು:
ಸರಾಸರಿ ತುಂಬಬಹುದು,
ಹಿಂದಿನ ದಿನದ್ದನ್ನೇ ಇಳಿಸಬಹುದು,
ಸಾಲನ್ನೇ ತೆಗೆದುಹಾಕಬಹುದು.
ಬಾಯಿ ತೆರೆದರೆ ಬೇರೆಯೇ ಬಂತು.

ಮೇಡಂ, ನಮ್ಮಲ್ಲಿ ಖಾಲಿಗೆ ಮೂರು ಗುರುತು.
ಹೋಗಿ, ಬಲೆ ಬೀಸಿ, ಬರಿಗೈಲಿ ಬಂದರೆ ಸೊನ್ನೆ.
ಸೊನ್ನೆಗೂ ಡೀಸೆಲ್ ಖರ್ಚಿದೆ.
ದಡದಲ್ಲೇ ಉಳಿದರೆ ಗೀಟು:
ಮಳೆಗಾಲದ ನಿಷೇಧ, ಗಾಳಿ, ಎಂಜಿನ್ ರಿಪೇರಿ, ಮದುವೆ.
ಹೋದದ್ದು ಇನ್ನೂ ಬಾರದಿದ್ದರೆ ಚುಕ್ಕಿ,
ಪೆನ್ಸಿಲಿನಲ್ಲಿ.

ಪೆನ್ಸಿಲ್ ಯಾಕೆ, ಕಿವಿ ಮಾಯದವನು ನಕ್ಕ.
ಅಳಿಸಲಿಕ್ಕೆ, ಸರ್.
ಬಂದ ಕೂಡಲೇ ಉಜ್ಜಿ ಕಿಲೋ ಬರೆಯಲಿಕ್ಕೆ.

'ಎಷ್ಟು ದಿನ ಕಾಯುತ್ತೀರಿ?
ಚುಕ್ಕಿಯನ್ನು ಸೊನ್ನೆ ಮಾಡುವುದು ಯಾವಾಗ?'
ಮೆತ್ತಗೇ ಕೇಳಿದಳು. ಕೆಲಸದ ಪ್ರಶ್ನೆಯೇ, ತಪ್ಪಿಲ್ಲ.

'ಜಲಪದ್ಮಾ'ದ ಸಾಲು.
ಏಳು ಪುಟ ಚುಕ್ಕಿ, ಕೊನೆಗೆ ಪುಸ್ತಕವೇ ಮುಗಿಯಿತು.
ಹೊಸದಕ್ಕೆ ಹೆಸರು ಇಳಿಸುವಾಗ
ನಾನೇ, ಇದೇ ಕೈ, ಅದೊಂದನ್ನು ಬಿಟ್ಟೆ.
ಬಿಡು ಎಂದು ಯಾರೂ ಹೇಳಿರಲಿಲ್ಲ.
ಯಾಕೆ ಬಿಟ್ಟೆ ಎಂದು ಯಾರೂ ಕೇಳಲಿಲ್ಲ.
ರುಕ್ಮಾಬಾಯಿ ಮಾತ್ರ ಮೇಜಿನ ತನಕ ಬಂದಳು,
ಓದಲು ಬಾರದವಳು,
ಮೇಲಿಂದ ಕೆಳಗೆ ಬೆರಳಾಡಿಸಿ ಹೋದಳು.

ಪುಸ್ತಕ ಮುಗಿಯುವ ತನಕ, ಮೇಡಂ, ಎಂದೆ.
ಅಷ್ಟರಲ್ಲಿ ಒಳಗೆ ಐಸ್ ಒಡೆಯುವ ಯಂತ್ರ ಶುರು.
ಅವರಿಗೆ ಮುಟ್ಟಿತೋ ಇಲ್ಲವೋ.
ಮೂವರೂ ತಲೆಯಾಡಿಸಿದರು,
ಒಂದು ವಾರದಲ್ಲಿ ತಿಳಿಸುತ್ತೇವೆ ಎಂಬುದು
ತುಟಿಯಲ್ಲೇ ಕಂಡಿತು.

ಹನ್ನೆರಡು ದಿನವಾಯಿತು. ದಾಮು ಕೇಳುವುದನ್ನೂ ಬಿಟ್ಟ.
ನಿನ್ನೆ ಹರಾಜು ಮುಗಿದು, ನೆಲ ತೊಳೆದು,
ಎಲ್ಲರೂ ಹೋದ ಮೇಲೆ
ಎಕ್ಸೆಲ್‌ನಲ್ಲಿ ಒಂದು ಸಾಲು ಸೇರಿಸಿದೆ,
ಜಲಪದ್ಮಾ ಎಂದು ಟೈಪು ಮಾಡಿದೆ,
ಪಕ್ಕದ ಮನೆಯಲ್ಲಿ ಚುಕ್ಕಿ ಒತ್ತಿದೆ.
ತಗೊಳ್ಳಲಿಲ್ಲ.
ಇಲ್ಲಿ ಅಂಕಿ ಮಾತ್ರ ಬರೆಯಿರಿ, ಎಂದಿತು ಪರದೆ,
ಹೋದ ವರ್ಷ ನಾನೇ ಹಾಕಿಟ್ಟ ನಿಯಮ,
ನಾನೇ ಬರೆದ ವಾಕ್ಯ,
ಕೊನೆಗೊಂದು ಪೂರ್ಣವಿರಾಮದ ಸಮೇತ.