ಮೊದಲ ಗಾಡಿ

ಮುನ್ನೂರ ಹದಿನೆಂಟು ತಪ್ಪು ಅಂತು ಕಂಪೈಲರ್,
ಕೆಂಪಗೆ, ಒಂದೇ ಉಸಿರಿಗೆ.
ಹೊರಗೆ ತೂಕದ ಕಟ್ಟೆಯಿಂದ ಮದ್ದೂರು ರಸ್ತೆಯ ತಿರುವಿನವರೆಗೆ
ಕಬ್ಬಿನ ಗಾಡಿ, ಟ್ರ್ಯಾಕ್ಟರು, ಮತ್ತೆ ಗಾಡಿ.
ಎತ್ತುಗಳು ನಿಂತಲ್ಲೇ ಮೆಲುಕು ಹಾಕುತ್ತಿವೆ,
ಕಡಿದ ಕಬ್ಬು ಬಿಸಿಲಿಗೆ ಗಳಿಗೆಗಿಷ್ಟು ಹಗುರಾಗುತ್ತಿದೆ.

ಹಳೆಯ ಕಂಪ್ಯೂಟರು ಮೊನ್ನೆ ಸಿಡಿಲಿಗೆ ಸತ್ತಿತು.
ಹೊಸದಕ್ಕೆ ಈ ಕಟ್ಟೆಯ ಭಾಷೆ ಬಾರದು.
ಬಲ್ಲ ಲೈಬ್ರರಿ ಒಂದೇ, ಅದೂ ಬರೀ ಮೂಲರೂಪದಲ್ಲಿ:
ಹದಿನಾಲ್ಕು ವರ್ಷದ ಹಿಂದೆ ಬರೆದ ಪುಣ್ಯಾತ್ಮ
ಸಿ.ಡಿ.ಯಲ್ಲಿ ತುಂಬಿ ಬೀರುವಿನಲ್ಲಿಟ್ಟು ಹೋದದ್ದು.
ಸಿ.ಡಿ. ಓದುವ ಡಬ್ಬಿಯನ್ನು
ಗುತ್ತಲಿನ ಫೋಟೋ ಸ್ಟುಡಿಯೋದಿಂದ ಕಡ ತಂದಿದ್ದೇನೆ.

ಕೊನೆಯಿಂದ ಹಿಡಿದೆ, ಕಣ್ಣೆದುರಿಗಿದ್ದದ್ದು ಅದೇ ತಾನೆ.
ಮುನ್ನೂರ ಹದಿನೆಂಟನೆಯದನ್ನು ತಿದ್ದಿದೆ.
ಮುನ್ನೂರ ನಲವತ್ತಾಯಿತು.
ಒಂದು ಆವರಣ ಕಿತ್ತೆ, ಒಂದು ಅರ್ಧವಿರಾಮ ಇಟ್ಟೆ,
ಇಟ್ಟಿದ್ದನ್ನು ತೆಗೆದೆ.
ಚಹಾ ಆರಿ ಮೇಲೆ ಕೆನೆ ಕಟ್ಟಿತು.

ಕಿಟಕಿಯಲ್ಲಿ ಜವರಾಯಿ ಇಣುಕಿದ,
ಮೂವತ್ತು ವರ್ಷ ತೂಕದ ಚೀಟಿ ಹರಿದವನು, ಕಿವಿ ಮೇಲೆ ಪೆನ್ಸಿಲ್ಲು.
"ಏನವ್ವಾ, ಅಷ್ಟೊಂದ್ ತಪ್ಪಾ?"
"ಎಲ್ಲಿಂದ ಹಿಡೀಲಿ ತಿಳೀತಿಲ್ಲ ಕಣಣ್ಣ."
"ಅಲ್ ನೋಡು, ನಲವತ್ ಗಾಡಿ ನಿಂತವೆ.
ನಲವತ್ಕೂ ಅಚ್ಚು ಮುರ್ದೈತೆ ಅನ್ಕಂಡಿಯಾ?
ಮುಂದ್ಲುದ್ನ ಎಳ್ದು ಪಕ್ಕಕ್ಕಾಕು. ಮಿಕ್ಕವು ತಾವೇ ಬತ್ತವೆ."

ಮೇಲಕ್ಕೆ ಸರಿಸಿದೆ, ಬೆರಳು ನೋಯುವಷ್ಟು ಮೇಲಕ್ಕೆ.
ಮೊದಲ ಸಾಲಿನಲ್ಲಿ ಒಂದು ಹೆಡರ್ ಫೈಲು ಸಿಗಲಿಲ್ಲ ಎಂದಿತ್ತು, ಅಷ್ಟೆ.
ಫೈಲು ಅಲ್ಲೇ ಇತ್ತು,
ಹೆಸರಿನ ಮೊದಲಕ್ಷರ ಮಾತ್ರ ದೊಡ್ಡದು.
ಸತ್ತ ಯಂತ್ರಕ್ಕೆ ಅದೆಲ್ಲ ನಡೆಯುತ್ತಿತ್ತು.
ಇದೋ ತಾಲ್ಲೂಕು ಕಚೇರಿಯ ಜಾತಿ:
ಪಹಣಿಯಲ್ಲಿ ಒಂದು ಕೊಂಬು ಆಚೀಚೆಯಾದರೂ ಆಸಾಮಿಯೇ ಬೇರೆ.
ತಿದ್ದಿದೆ. ಮುನ್ನೂರ ನಲವತ್ತೂ ಹೋಗಿ
ಒಂದು ಉಳಿಯಿತು.

ಅದು ಲಿಂಕರಿನದು, ಅದರ ತಕರಾರೇ ಬೇರೆ:
'ತೂಗು' ಅಂತ ಕೂಗಿದ್ದೀರಿ, ಆ ಹೆಸರಿನವರು ಬಂದಿಲ್ಲ.
ಹಾಜರಿ ಪುಸ್ತಕದಲ್ಲಿ ಹೆಸರಿದೆ, ಆಳು ನಾಪತ್ತೆ.
ಸಿ.ಡಿ.ಯ ಮೂಲೆಯೊಂದರಲ್ಲಿ ಸಿಕ್ಕಿದ. ಪಟ್ಟಿಗೆ ಸೇರಿಸಿದೆ.
ಈ ಸಲ ಒಂದೂ ಕೆಂಪು ಸಾಲಿಲ್ಲ.
ಗೆದ್ದವರಿಗೆ ಕಂಪೈಲರ್ ಶಹಬ್ಬಾಸ್ ಅನ್ನುವುದಿಲ್ಲ,
ಬಾಯಿ ಮುಚ್ಚಿಕೊಳ್ಳುತ್ತದೆ.

ಖಾಲಿ ಕಟ್ಟೆ ಮೈನಸ್ ಎಪ್ಪತ್ತು ತೋರಿಸಿತು.

'ತೂಗು' ತೆರೆದೆ. ಒಳಗೊಂದು ಟಿಪ್ಪಣಿ,
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:
'ಎಪ್ಪತ್ತು ಕಳೆಯಬೇಕು. ಎತ್ತು ಬೆದರದಂತೆ ನೊಗ ಹಿಡಿದು
ಜವರಾಯಿ ಯಾವಾಗಲೂ ಕಟ್ಟೆ ಮೇಲೇ ನಿಂತಿರುತ್ತಾನೆ.'

ಓದಿ ಹೇಳಿದೆ. ಹಲ್ಲಿಲ್ಲದ ಬಾಯಿ ತುಂಬ ನಕ್ಕ.
"ಅಯ್ಯೋ ಅವನ! ನನ್ನೂ ಒಳಕ್ ಸೇರ್ಸವ್ನಾ?"
ಹೋಗಿ ಮಾಮೂಲಿ ಜಾಗದಲ್ಲಿ ನಿಂತ,
ಇಲ್ಲದ ಎತ್ತಿನ ನೊಗಕ್ಕೆ ಕೈಯೆತ್ತಿ.

ಮೈನಸ್ ಹತ್ತು.

ಒಮ್ಮೆ ತನ್ನ ತೋಳು ನೋಡಿಕೊಂಡ, ಒಮ್ಮೆ ಸಾಲುಗಟ್ಟಿದ ಗಾಡಿಗಳನ್ನು.
ಕಿವಿಯಿಂದ ಪೆನ್ಸಿಲ್ಲು ತೆಗೆದು ಚೀಟಿಯ ಬೆನ್ನಿಗೆ
ಗಾಡಿಗೆ ಹತ್ತರಂತೆ, ದಿನಕ್ಕೆ, ಸುಗ್ಗಿಗೆ,
ಎಂದು ಶುರುಮಾಡಿ
ನಿಲ್ಲಿಸಿದ.

ಎಪ್ಪತ್ತನ್ನು ಅರವತ್ತು ಮಾಡಿ ಮತ್ತೆ ಕಟ್ಟಿಸಿದೆ.
ಕಂಪೈಲರ್ ಆಗಲೂ ಏನೂ ಅನ್ನಲಿಲ್ಲ.
"ಬರ್ಲಾ ಮುಂದ್ಲುದು," ಎಂದ ಜವರಾಯಿ,
ನನಗೆ ಕೇಳಿಸುವಷ್ಟು ಮಾತ್ರ.