ನಂದು ಇನ್ನೂ ಬಂದಿಲ್ಲ

ಕಾಮಾಕ್ಷಿಪಾಳ್ಯ, ಮೂರನೇ ಮಹಡಿಯ ಮೇಲಿನ ತಾರಸಿ.
ಓನರು ಹೇಳಿದ್ದಾರೆ: ಗಿಡ ಇಡಿ, ಸೋರಿದರೆ ನೀವೇ ಹೊಣೆ.
ಹಾಗಾಗಿ ನಮ್ಮ ತೋಟ ಇಟ್ಟಿಗೆಗಳ ಮೇಲೆ ನಿಂತಿದೆ.
ಎರಡು ಪೇಂಟಿನ ಡಬ್ಬ, ಹಿಡಿ ಮುರಿದ ಬಕೆಟ್ಟು,
ಮೀನಂಗಡಿಯ ಲಾರೆನ್ಸ್ ಕೊಟ್ಟ ಥರ್ಮಾಕೋಲ್ ಪೆಟ್ಟಿಗೆ.
ಎಷ್ಟು ತೊಳೆದರೂ ಬೆಕ್ಕು ಅದರ ಆಸೆ ಬಿಟ್ಟಿಲ್ಲ.

ಟಿಕೆಟ್ಟು ಕೊಳ್ಳದೆ ಹಿಂಬಾಗಿಲಲ್ಲಿ ಇಳಿಯುವವರ ಹಾಗೆ
ಚಳಿ ಸದ್ದಿಲ್ಲದೆ ಇಳಿದುಹೋದ ವಾರ
ಸುಗುಣಾ ಅಡುಗೆಮನೆಯಿಂದ ಕಾಳಿನ ಡಬ್ಬಿ ತಂದಳು.
ಹರಿವೆ, ಮೆಂತ್ಯ ಅವಳ ಪಾಲು. ಬೆಂಡೆ ನನ್ನದು.
ಚಾರ್ವಿಗೆ ಅಲಸಂದೆ. ಒಂದೇ ಒಂದು.
ಒಂದನ್ನು ಆರಿಸಲು ಅವಳಿಗೆ ಅರ್ಧ ಗಂಟೆ ಬೇಕಾಯಿತು:
ಕಪ್ಪು ಕಣ್ಣು, ಕಣ್ಣಿನ ಪಕ್ಕದಲ್ಲೊಂದು ಗೀರು.
ಹುಗಿದಳು. ಇಪ್ಪತ್ತರವರೆಗೆ ಎಣಿಸಿದಳು, ಹದಿನೈದನ್ನು ಬಿಟ್ಟು.
ಅಗೆದು ನೋಡಿದಳು.
"ಮಲ್ಕೊಂಡಿದೆ."

ಮಾರನೇ ದಿನವೂ ಅಗೆದಳು. ಅದರ ಮಾರನೇ ದಿನವೂ.
ಕಾವೇರಿ ನೀರು ಬಂದ ದಿನ ಒಂದು ಚೊಂಬು,
ಬಾರದ ದಿನ ಅಕ್ಕಿ ತೊಳೆದದ್ದು,
ಹಾಕುವುದು, ಅಗೆಯುವುದು, ಉಫ್ ಅಂತ ಊದಿ ಮತ್ತೆ ಮುಚ್ಚುವುದು.
ಮುಟ್ಟಬೇಡ ಕಂದಾ, ಅದಕ್ಕೆ ಕತ್ತಲು ಬೇಕು, ಅಂದೆ.
"ನಂಗೆ ಕತ್ಲು ಬೇಡ. ಅದಕ್ಕ್ಯಾಕೆ?"
ನಾಲ್ಕು ವರ್ಷದವಳ ಈ ಪ್ರಶ್ನೆಗೆ
ಇಡೀ ಡಿಪೋದಲ್ಲಿ ಯಾರ ಹತ್ತಿರವೂ ಚಿಲ್ಲರೆ ಇರಲಿಲ್ಲ.

ಒಂದು ರಾತ್ರಿ ಕೊನೆಯ ಟ್ರಿಪ್ಪು ಮುಗಿಸಿ, ಕ್ಯಾಶು ಕಟ್ಟಿ ಬಂದವನು
ಯೂನಿಫಾರ್ಮಿನಲ್ಲೇ ತಾರಸಿ ಹತ್ತಿದೆ.
ಮೊಬೈಲನ್ನು ಹಲ್ಲಲ್ಲಿ ಕಚ್ಚಿ, ಅದರ ಬೆಳಕಲ್ಲಿ
ಆ ತೂತಿಗೆ ಬೇರೊಂದು ಕಾಳು ಹಾಕಿದೆ.
ಮಣ್ಣು ಸವರಿದೆ. ಕಳ್ಳನ ಹಾಗೆ ಇಳಿದು
ಕೈ ತೊಳೆಯದೆ ಮಲಗಿದೆ.

ಯುಗಾದಿಗೆ ನಾಲ್ಕು ದಿನ ಇದ್ದಾಗ ಮೊಳಕೆ ಬಂತು. ಮೂರು.
ಕತ್ತು ಬಾಗಿಸಿ, ತಲೆ ಮೇಲೆ ಸಿಪ್ಪೆ ಹೊತ್ತು,
ಒಂದೇ ತೂತಿನಿಂದ ಒಂದನ್ನೊಂದು ತಳ್ಳುತ್ತ,
ಬೆಳಗಿನ ಮೆಜೆಸ್ಟಿಕ್ ಬಸ್ಸಿನ ಫುಟ್‌ಬೋರ್ಡೇ ಸರಿ.
ನಾನು ಸುಗುಣಾಳ ಮುಖ ನೋಡಿದೆ.
ಸುಗುಣಾ ಅವಳಮ್ಮನ ಮುಖ ನೋಡಿದಳು.
ಐವತ್ತು ವರ್ಷ ಸೊಪ್ಪು ಬೆಳೆದು ಮಾರಿದ ಪಿಳ್ಳಮ್ಮತ್ತೆ
ನೀರಿನ ಟ್ಯಾಂಕಿನ ಕಡೆ ತಿರುಗಿ ಹುಶ್ ಹುಶ್ ಅಂತ ಪಾರಿವಾಳ ಓಡಿಸತೊಡಗಿದರು.
ಅಲ್ಲಿ ಪಾರಿವಾಳ ಇರಲಿಲ್ಲ.

ಚಾರ್ವಿ ಕುಕ್ಕರಗಾಲಲ್ಲಿ ಕೂತು ಮೂರನ್ನೂ ನೋಡಿದಳು. ಬಹಳ ಹೊತ್ತು.
"ಇವು ಬೇರೆಯವ್ರದ್ದು," ಅಂದಳು.
"ನಂದು ಇನ್ನೂ ಬಂದಿಲ್ಲ."
ಆದರೂ ನೀರು ಹಾಕಿದಳು,
ಗುರುತಿಲ್ಲದ ನೆಂಟರಿಗೆ ಕಾಫಿ ಕೊಡುವಷ್ಟು, ಅಳೆದು.

ಹಬ್ಬ ಕಳೆಯಿತು. ರಸ್ತೆಯ ತುಂಬ ಹೊಂಗೆ ಹೂವಿನ ಅರಳು,
ಹರಿವೆ ಎರಡು ಸಲ ಮಸ್ಸೊಪ್ಪಾಯಿತು.
ಟ್ಯಾಂಕರಿನವನು ರೇಟು ಏರಿಸಿದ ದಿನ
ನಿಮ್ಮ ಬೆಂಡೆಗೆ ಸ್ನಾನ, ನಮಗೆ ಒದ್ದೆ ಟವೆಲ್ಲು, ಎಂದು ಸುಗುಣಾ
ಎರಡು ಹೊತ್ತು ಮಾತು ಬಿಟ್ಟಳು.
ಮೂರನೇ ಹೊತ್ತಿಗೆ ಮೊದಲ ಬೆಂಡೆಕಾಯಿ ಬಿಟ್ಟಿತ್ತು,
ಕಿರುಬೆರಳಿನಷ್ಟು. ಅದನ್ನು ತೋರಿಸಲೆಂದಾದರೂ ಮಾತಾಡಬೇಕಾಯಿತು.
ಅಲಸಂದೆ ಮೂರೂ ಬಟ್ಟೆ ಒಣಹಾಕುವ ತಂತಿಗೆ ಹಬ್ಬಿ
ನನ್ನ ಖಾಕಿ ಪ್ಯಾಂಟಿನ ಕಾಲು ಹಿಡಿದಿದ್ದವು.

ನಿನ್ನೆ ರಾತ್ರಿ, ಎಲ್ಲರೂ ಮಲಗಿದ ಮೇಲೆ,
ಟಿಫನ್ ಡಬ್ಬಿ ತೆಗೆಯಲು ಅವಳ ಬ್ಯಾಗಿಗೆ ಕೈ ಹಾಕಿದೆ.
ಬಾಟಲಿ ಸೋರಿ ಕರ್ಚೀಫು ಒದ್ದೆ.
ಅದರ ಮೂಲೆಯಲ್ಲೊಂದು ಗಂಟು, ಅವಳದೇ ಗಂಟು,
ಬಿಗಿಯೂ ಅಲ್ಲ, ಸಡಿಲವೂ ಅಲ್ಲ.
ಬಿಚ್ಚಿದೆ.
ಕಪ್ಪು ಕಣ್ಣು. ಪಕ್ಕದಲ್ಲಿ ಗೀರು.
ಸಿಪ್ಪೆ ಸೀಳಿಕೊಂಡು ಉಗುರಿನಷ್ಟು ಬಿಳಿ ಬಾಲ.

ಸುಗುಣಾಳನ್ನು ಎಬ್ಬಿಸೋಣವೆಂದು ಬಾಗಿಲವರೆಗೆ ಹೋದೆ.
ಎಬ್ಬಿಸಲಿಲ್ಲ.
ಗಂಟನ್ನು ಇದ್ದ ಹಾಗೆಯೇ ಕಟ್ಟಲು ಮೂರು ಸಲ ಪ್ರಯತ್ನಪಟ್ಟು,
ಬೆಳಗಿನ ಹೊತ್ತಿಗೆ ಬಾಟಲಿಗೆ ನೀರು ತುಂಬಿಸಿ,
ಮುಚ್ಚಳ ಪೂರ್ತಿ ಬಿಗಿಸದೆ
ದೀಪ ಆರಿಸಿದೆ.