ಹದಿನೇಳನೆಯ ಪ್ರಶ್ನೆ

ಟೊಲೆಡೊ ಊರಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ
ನಮ್ಮ ಶಿಶುವಿಹಾರ. ಫೀಸಿಲ್ಲ. ಬೆಳಗಿನ ತಿಂಡಿ ಉಂಟು,
ಹೆಸರು ಬರೆದಿಟ್ಟ ಹಲ್ಲುಜ್ಜುವ ಬ್ರಷ್ಷುಗಳೂ.
ಅರ್ಜಿ ತುಂಬಿಸುವುದು ನನ್ನ ಕೆಲಸ.
ಹತ್ತೊಂಬತ್ತು ವರ್ಷದಿಂದ ಇದೇ ಮೇಜು,
ಇದೇ ಲೊಟಲೊಟ ಬಡಿದುಕೊಳ್ಳುವ ಹೀಟರು.

ದೊಡ್ಡವರಿಗೆ ಕುರ್ಚಿಯಿಲ್ಲ ಇಲ್ಲಿ.
ಬಂದವರೆಲ್ಲ ಮಕ್ಕಳ ಕುರ್ಚಿಯಲ್ಲೇ ಕೂರಬೇಕು,
ಮೊಣಕಾಲು ಗದ್ದಕ್ಕೆ ತಾಗುವ ಹಾಗೆ.
ಲವೇಡಾ ಪ್ರುಯಿಟ್ ಹಾಗೇ ಕೂತಳು.
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ,
ಮೈಯೆಲ್ಲ ಬ್ಲೀಚಿನ ವಾಸನೆ.
ಬ್ರೆಡ್ಡಿನ ಖಾಲಿ ಕವರಿನಿಂದ ಸಂಬಳದ ಚೀಟಿಗಳನ್ನು ತೆಗೆದು
ಅಂಚಿಗೆ ಅಂಚು ಕೂಡಿಸಿ, ಅಭ್ಯಾಸಬಲ,
ದುಪ್ಪಟಿಯ ಮೇಲಿನ ಸುಕ್ಕನ್ನೆಂಬಂತೆ ಸವರಿದಳು.

ಕೂಡಿದೆ. ಇನ್ನೊಮ್ಮೆ ಕೂಡಿದೆ.
ಕ್ರಿಸ್‌ಮಸ್ ಕಳೆದ ಮೇಲೆ
ಗಂಟೆಗೆ ಮೂವತ್ತೈದು ಸೆಂಟು ಹೆಚ್ಚಾಗಿತ್ತು.
ಮಿತಿಗಿಂತ ಮೇಲೆ, ವರ್ಷಕ್ಕೆ ಇನ್ನೂರ ಹನ್ನೆರಡು ಡಾಲರು.
ಬಡತನಕ್ಕೂ ಒಂದು ಗೆರೆ ಎಳೆದಿಟ್ಟಿದ್ದೇವೆ:
ಪೂರಾ ಮುಳುಗಿದ್ದರೆ ಕೈ ಕೊಡುತ್ತೇವೆ,
ನೆತ್ತಿ ಕಂಡರೆ ಕ್ಷಮಿಸಿ ಅನ್ನುತ್ತೇವೆ.
"ಸಂಬಳ ಜಾಸ್ತಿ ಆದದ್ದು ಒಳ್ಳೇದಲ್ವಾ?"
ಒಳ್ಳೇದೇ, ಅಂದೆ.
ಎದುರು ರಸ್ತೆಯ ಡೇಕೇರಿನಲ್ಲಿ ವಾರಕ್ಕೆ ಇನ್ನೂರೈವತ್ತು.
ನಾನು ಹೇಳಬೇಕಿರಲಿಲ್ಲ. ಕೇಳಿಯೇ ಬಂದಿದ್ದಳು.

ಅಷ್ಟರಲ್ಲಿ ಮಗಳು, ನಾಲ್ಕು ತುಂಬಿದ ಡೆಸ್ಸಿ,
ಗೋಡೆಯ ಕೊಕ್ಕೆಗಳನ್ನು ನೋಡುತ್ತಿದ್ದಳು.
ಒಂದೊಂದಕ್ಕೂ ಒಂದೊಂದು ಚಿತ್ರ, ಕಪ್ಪೆ, ಗಾಳಿಪಟ, ಕುಂಬಳಕಾಯಿ.
ಬಾತುಕೋಳಿಯ ಕೊಕ್ಕೆ ಖಾಲಿಯಿತ್ತು.
ಯಾರೂ ಹೇಳದೆ ಕೋಟು ಬಿಚ್ಚಿ, ಅಲ್ಲಿ ಸಿಕ್ಕಿಸಿ,
ಎರಡು ಹೆಜ್ಜೆ ಹಿಂದೆ ಬಂದು ನೋಡಿ,
ಮತ್ತೆ ಹೋಗಿ ಅದರ ತೋಳು ಸರಿಮಾಡಿದಳು.

ಅರ್ಜಿಯಲ್ಲಿ ಹದಿನೇಳನೆಯದೊಂದು ಪ್ರಶ್ನೆ:
ಸ್ವಂತ ಮನೆಯೇ, ಬಾಡಿಗೆಯೇ, ಮನೆಯಿಲ್ಲವೇ?
ಮೂರನೆಯ ಚೌಕಕ್ಕೆ ಗುರುತು ಬಿದ್ದರೆ
ಸಂಬಳದ ಲೆಕ್ಕ ಅಡ್ಡ ಬರುವುದಿಲ್ಲ.
ಕೇಳಿದೆ. ಆ ಗೇಣೆತ್ತರದ ಕುರ್ಚಿಯಲ್ಲೂ
ಅವಳ ಬೆನ್ನು ನೆಟ್ಟಗಾಯಿತು.
"ಮನೆ ಇದೆ. ನಾವೇನು ಬೀದಿಯವರಲ್ಲ."

ಮೊದಲ ವರ್ಷಗಳಲ್ಲಿ ಇಂಥ ಉತ್ತರವನ್ನು
ಹೇಳಿದ ಹಾಗೇ ಬರೆದುಕೊಂಡು
ಎಷ್ಟು ಮಕ್ಕಳನ್ನು ವಾಪಸು ಕಳಿಸಿದೆನೋ.
ಈಗ ಪೆನ್ನು ಕೆಳಗಿಟ್ಟು ಕೇಳುತ್ತೇನೆ:
ಮಲಗುವುದು ಎಲ್ಲಿ?

ಉತ್ತರ ಗೋಡೆಯ ಕಡೆಯಿಂದ ಬಂತು.
"ವಿಲ್ಮಾ ಚಿಕ್ಕಮ್ಮನ ಸೋಫಾ ಮೇಲೆ ನಾನು.
ಅಮ್ಮ ಹಗಲು ಹೊತ್ತು, ಕೆಳಗೆ.
ಶಬ್ದ ಮಾಡಿದರೆ ಚಿಕ್ಕಪ್ಪ ಬೈತಾನೆ."

ಹೀಟರು ಸುಮ್ಮನಾಯಿತೋ, ನನಗೆ ಕೇಳಿಸಲಿಲ್ಲವೋ.
ವಿವರಿಸಿದೆ. ಗತಿಯಿಲ್ಲದೆ ಇನ್ನೊಬ್ಬರ ಸೂರಿನಡಿ ಒತ್ತಿಕೊಂಡಿದ್ದರೆ
ಕಾನೂನು ಅದಕ್ಕೂ ಆ ಹೆಸರೇ ಇಡುತ್ತದೆ.
ಬರೀ ಒಂದು ಚೌಕ ಅಷ್ಟೆ, ಅಂದೆ.
ಬರೀ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಬ್ರೆಡ್ಡಿನ ಕವರನ್ನು ಮಡಿಸುತ್ತಾ ಹೋದಳು,
ಅರ್ಧ, ಕಾಲು, ಅರೆಕಾಲು,
ಇನ್ನು ಮಡಿಸಲಾಗದು ಅನ್ನುವಷ್ಟಾದ ಮೇಲೆ ಹೇಳಿದಳು:
"ಬರೆಯಿರಿ. ಜೋರಾಗಿ ಓದಬೇಡಿ."

ಬರೆದೆ.

ಹೊರಡುವಾಗ ಡೆಸ್ಸಿ ಕೋಟು ತೆಗೆಯಲು ಒಪ್ಪಲಿಲ್ಲ.
ಹೊರಗೆ ಫೆಬ್ರುವರಿಯ ಹಿಮ.
ಒಂದು ಕೈಗವಸನ್ನು ಕೊಕ್ಕೆಯಲ್ಲೇ ಬಿಟ್ಟುಹೋಗುವುದೆಂದು
ಕೊನೆಗೆ ರಾಜಿಯಾಯಿತು.

ಶಾಲೆಯ ಬಸ್ಸಿನ ಆರ್ವಿಲ್ ಸೋಮವಾರ ವಿಳಾಸ ಕೇಳಿದ.
ಲವೇಡಾ ಹೇಳಿದ್ದನ್ನೇ ಅವನ ಚೀಟಿಯಲ್ಲಿ ಬರೆದುಕೊಟ್ಟೆ:
ಮೂಲೆಯ ಟೈರಂಗಡಿ, ಎಂಟೂ ಹತ್ತು.
ಅಮ್ಮ ಪಾಳಿ ಮುಗಿಸಿ ಅಲ್ಲಿಗೇ ಬಂದಿರುತ್ತಾಳೆ.
ಹಾರ್ನ್ ಹೊಡೆಯಬೇಡ.